ಮಗಳಿಗೆ ಝೈನಬ್ ಎಂದು ಹೆಸರಿಟ್ಟಿದ್ದು

ಅರಬಿ ಹೆಣ್ಣು ಹೆಸರುಗಳ ಪಟ್ಟಿ ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತದೆ. ಅರ್ಧಕ್ಕರ್ಧ ಹೆಸರುಗಳ ಅರ್ಥ 'ರಾಜಕುಮಾರಿ', ಇಲ್ಲದಿದ್ದರೆ 'ಸ್ವರ್ಗದ ಹೂವು'. ಅಷ್ಟೊಂದು ಹೂವು ಎಲ್ಲಿಂದ ಬಂತೋ! ನಾನು ಪಟ್ಟಿ ಬದಿಗಿಟ್ಟು, ಹಿಂದೆ ಆ ಹೆಸರು ಯಾರಿಗಿತ್ತು ಎಂದು ನೋಡತೊಡಗಿದೆ.

ಅತ್ತೆಗೆ ಕುರ್‌ಆನಿನಲ್ಲಿರುವ ಹೆಸರೇ ಬೇಕಿತ್ತು. ಆದರೆ ಅದರಲ್ಲಿ ಹೆಸರು ಹಿಡಿದು ಹೇಳಿರುವ ಹೆಣ್ಣು ಮರ್ಯಮ್ ಒಬ್ಬರೇ. 19ನೇ ಅಧ್ಯಾಯಕ್ಕೆ ಅವರದೇ ಹೆಸರು. ಪಟ್ಟಿಗಳಲ್ಲಿ 'ಕುರ್‌ಆನಿನ ಹೆಸರು' ಎಂದು ಬರುವ ಬೇರೆಯವು ಹೆಚ್ಚಾಗಿ ಅಲ್ಲಿನ ಮಾಮೂಲಿ ಪದಗಳು. ಎಲ್ಲ ಪದವೂ ಹೆಸರಾಗಲ್ಲ ಅಲ್ವಾ? ನಮ್ಮ ಕುಟುಂಬದಲ್ಲಿ ಮರ್ಯಮ್‌ಗಳು ಆಗಲೇ ಸಾಕಷ್ಟಿದ್ದರು.

ಝೈನಬ್ ಎಂದರೆ ಸುವಾಸನೆಯ ಒಂದು ಗಿಡ ಎಂದು ಅರಬಿ ನಿಘಂಟುಗಳು ಹೇಳುತ್ತವೆ. 'ಝೈನ್', 'ಅಬ್' ಎಂದು ಒಡೆದು 'ತಂದೆಯ ಅಲಂಕಾರ' ಎನ್ನುವವರೂ ಇದ್ದಾರೆ. ಕೇಳಲು ಚೆಂದ, ಆದರೆ ಗಿಡವೇ ನನಗೆ ಇಷ್ಟ. ನನ್ನನ್ನು ಒಪ್ಪಿಸಿದ್ದು ಮಾತ್ರ ಅರ್ಥವಲ್ಲ, ಆ ಹೆಸರಿನವರು. ಪ್ರವಾದಿ ಮುಹಮ್ಮದರ ಹಿರಿಯ ಮಗಳು ಝೈನಬ್. ಅವರ ಪತ್ನಿಯರಲ್ಲಿ ಇಬ್ಬರು ಝೈನಬ್. ಅದರಲ್ಲಿ ಖುಝೈಮಾರ ಮಗಳನ್ನು ಜನ 'ಬಡವರ ತಾಯಿ' ಎಂದೇ ಕರೆಯುತ್ತಿದ್ದರು. ಇನ್ನು ಪ್ರವಾದಿಯವರ ಮೊಮ್ಮಗಳೂ ಝೈನಬ್, ಅಲಿ ಮತ್ತು ಫಾತಿಮಾರ ಮಗಳು. ಕ್ರಿ.ಶ. 680ರಲ್ಲಿ ಕರ್ಬಲಾ ಯುದ್ಧದಲ್ಲಿ ಅಣ್ಣ ಹುಸೈನ್ ಮಡಿದ ಮೇಲೆ, ಸೆರೆಯಾಳಾಗಿ ದಮಾಸ್ಕಸ್‌ಗೆ ಹೋಗಿ ಆಗಿನ ಖಲೀಫ ಯಝೀದನ ಎದುರೇ ನಿಂತು ಮಾತಾಡಿದರು. ದಮಾಸ್ಕಸ್ ಬಳಿ ಅವರ ಹೆಸರಿನ ದರ್ಗಾ ಇದೆ, ಕೈರೋದಲ್ಲಿ ಒಂದು ಬಡಾವಣೆಯೇ ಇದೆ. ಇದನ್ನೆಲ್ಲ ಹೇಳಿದಾಗ ಅತ್ತೆ ತಾವಾಗಿಯೇ, "ಅದನ್ನೇ ಇಡು" ಎಂದರು.

ಏಳನೇ ದಿನ ಅಕೀಕಾ, ಅಂದರೆ ಮಗು ಹುಟ್ಟಿದ್ದಕ್ಕೆ ಕೊಡುವ ಬಲಿ, ಮಾಡಿ ಹೆಸರಿಟ್ಟೆವು. ಒಂದು ಆಡು ಕೊಯ್ದು, ಮಗುವಿನ ಕೂದಲು ತೆಗೆದು, ಅದರ ತೂಕದ ಬೆಳ್ಳಿಯ ಬೆಲೆಯನ್ನು ದಾನ ಕೊಟ್ಟೆವು.

ಕಷ್ಟ ಇದ್ದದ್ದು ಬರವಣಿಗೆಯಲ್ಲಿ. 'ಜೈನಬ್' ಎಂದು ಬರೆದರೆ ಓದುವವರು 'ಜೈನ'ಕ್ಕೇ ನಿಂತುಬಿಡುತ್ತಾರೆ. ಜ ಕೆಳಗೆ ಚುಕ್ಕೆ ಇಡಬಹುದಿತ್ತು, ಆದರೆ ಅದು ಆಫೀಸಿನ ಕಂಪ್ಯೂಟರಿನಲ್ಲಿ ಉಳಿಯುತ್ತದೆಂಬ ನಂಬಿಕೆ ನನಗಿಲ್ಲ. ಹಾಗಾಗಿ ನಮ್ಮ ಕರಾವಳಿಯವರು ಬರೆಯುವ ಹಾಗೆ 'ಝ'. ಕೊನೆಗೊಂದು 'ಅ' ಸೇರಿಸಿ ಝೈನಬ ಎನ್ನುವುದು ನಮ್ಮಲ್ಲಿ ರೂಢಿ. ಮನೆಯಲ್ಲಿ ಹಾಗೇ ಕರೆಯಲಿ, ಕಾಗದದಲ್ಲಿ ಬೇಡ ಎಂದೆ. ಅರಬಿಯಲ್ಲಿ ಅದು ನಾಲ್ಕೇ ಅಕ್ಷರ: ಝಾ, ಯಾ, ನೂನ್, ಬಾ. ಗಲ್ಫಿನ ಕಾಗದಗಳಲ್ಲಿ ಹೆಸರು ಅರಬಿಯಲ್ಲೂ ಬರುತ್ತದೆ. ಇಂಗ್ಲಿಷಿನ ಕೊನೆಗೆ ಒಂದು 'ಎ' ಜಾಸ್ತಿಯಾದರೆ ಅಲ್ಲೂ ಒಂದು ಅಕ್ಷರ ಬೆಳೆಯುತ್ತದೆ.

ಜನನ ನೋಂದಣಿಗೆ 21 ದಿನಗಳ ಗಡುವು. ಆದರೆ ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಸ್ಪತ್ರೆಯಿಂದ ಹೊರಡುವ ಗಡಿಬಿಡಿಯಲ್ಲಿ ಸುಮ್ನೆ ಏನೋ ಒಂದು ಬರೆಸಬೇಕಿಲ್ಲ. ಹೆಸರಿನ ಮುಂದೆ ಇನಿಶಿಯಲ್ ಹಾಕಿಸದೆ ಗಂಡನ ಹೆಸರನ್ನು ಪೂರ್ತಿ ಸೇರಿಸಿದೆ. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಎಂದದ್ದು ನೆನಪಿತ್ತು. ಮುಂದೆ ಆಧಾರ್ ಮಾಡಿಸುವಾಗ ಹೆಸರನ್ನು ಬಾಯಲ್ಲಿ ಹೇಳಲೇ ಇಲ್ಲ, ಜನನ ಪ್ರಮಾಣಪತ್ರವನ್ನೇ ಮುಂದಿಟ್ಟೆ.