ಸುಖಕ್ಕಿಂತ ಮೊದಲು ವಿಧೇಯತೆ: ರೂಢಿಸಿಕೊಳ್ಳುವ ಬಗೆ

ದೇವರ ಚಿತ್ತವೇನೆಂದು ತಿಳಿಯಲು ಉಪವಾಸ ಕೂರುವ ಮೊದಲು, ಈಗಾಗಲೇ ತಿಳಿದಿದ್ದೂ ಮುಂದೂಡುತ್ತ ಬಂದಿರುವ ಆಜ್ಞೆ ಯಾವುದೆಂದು ಕೇಳಿಕೊಳ್ಳಿರಿ. ಹೊಳೆದದ್ದನ್ನು ಒಂದೇ ಸಾಲಿನಲ್ಲಿ ಬರೆದು, ಅದನ್ನು ಮಾಡುವ ದಿನವನ್ನೂ ಪಕ್ಕದಲ್ಲೇ ನಮೂದಿಸಿರಿ. ದೊಡ್ಡ ತ್ಯಾಗಗಳ ಮಾತು ಆಮೇಲಿನದು.

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವ ವಿಶ್ವಾಸಿಯೊಬ್ಬರಿದ್ದಾರೆ ಎಂದುಕೊಳ್ಳೋಣ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದಿದೆ, ಬೆಳೆಗೆ ಹೊಡೆಯುವ ಔಷಧಿಯ ಅಂಗಡಿಯ ಬಾಕಿ ಬೆಳೆದಿದೆ, ಕೈಯಲ್ಲಿರುವ ಹಣ ಆಳುಗಳ ಕೂಲಿ, ಅಂಗಡಿಯ ಬಾಕಿ ಎರಡರಲ್ಲಿ ಒಂದಕ್ಕಷ್ಟೇ ಸಾಲುತ್ತದೆ. ಆಳುಗಳಿಗೆ ‘ಸಂತಿ ದಿನ ಬರ್ರಿ’ ಎಂದು ಹೇಳಿ ಕಳಿಸುವುದು ಸುಲಭ, ಅವರು ಎದುರಾಡುವವರಲ್ಲ. ಆದರೆ ಕೂಲಿಯವನ ಕೂಲಿಯನ್ನು ಮರುದಿನದವರೆಗೆ ಇಟ್ಟುಕೊಳ್ಳಬಾರದೆಂದು ಬೈಬಲಿನ ಯಾಜಕಕಾಂಡ 19:13 ವಿಧಿಸುತ್ತದೆ. ಅವನು ಬಡವನಾಗಿದ್ದು ಅದನ್ನೇ ನಂಬಿಕೊಂಡಿರುವುದರಿಂದ ಹೊತ್ತು ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡ 24:15 ಕಾರಣವನ್ನೂ ಹೇಳುತ್ತದೆ. ಹಾಗಾದರೆ ಮಾಡಬೇಕಾದದ್ದು ಇಷ್ಟು: ತೋಟದ ಬದುವಿನಲ್ಲೇ ಪ್ರತಿಯೊಬ್ಬರ ಕೂಲಿಯನ್ನು ಅಂದೇ ಎಣಿಸಿಕೊಟ್ಟು, ಅಂಗಡಿಯವರ ಬಳಿಗೆ ತಾವೇ ಹೋಗಿ ಇನ್ನಷ್ಟು ದಿನ ಕೊಡಿರೆಂದು ಕೇಳುವುದು. ಆ ಮುಜುಗರವನ್ನು ಬಡವನ ಹೆಗಲಿಗೆ ದಾಟಿಸದೆ ತಾನೇ ಹೊರುವುದನ್ನು ನಾನು ಭಾನುವಾರದ ದೊಡ್ಡ ಕಾಣಿಕೆಗಿಂತ ಹೆಚ್ಚೆಂದು ಎಣಿಸುತ್ತೇನೆ.

ಮನಸ್ಸು ಒಪ್ಪದಿದ್ದರೆ, ಒಪ್ಪುವವರೆಗೆ ಕಾಯಬೇಡಿರಿ. ಮತ್ತಾಯ 21ನೆಯ ಅಧ್ಯಾಯದ ಇಬ್ಬರು ಮಕ್ಕಳ ಸಾಮ್ಯದಲ್ಲಿ, ದ್ರಾಕ್ಷಿತೋಟಕ್ಕೆ ಹೋಗುವುದಿಲ್ಲವೆಂದ ಮಗನೇ ಆಮೇಲೆ ಮನಸ್ಸು ಬದಲಿಸಿ ಹೋಗಿ ತಂದೆಯ ಇಷ್ಟವನ್ನು ನೆರವೇರಿಸಿದನು. ಹೋಗುತ್ತೇನೆಂದವನು ಹೋಗಲೇ ಇಲ್ಲ. ಶಿಲುಬೆಗೆ ಮುಂಚಿನ ರಾತ್ರಿ ಗೆತ್ಸೇಮನೆಯಲ್ಲಿ ಕರ್ತನಾದ ಯೇಸು ತಾನೇ, ಆ ಸಂಕಟದ ಪಾತ್ರೆ ತನ್ನಿಂದ ತೊಲಗಲಿ ಎಂದು ಮೊದಲು ಬೇಡಿಕೊಂಡು, ಆಮೇಲೆ ತಂದೆಯ ಚಿತ್ತಕ್ಕೆ ಒಪ್ಪಿಸಿಕೊಂಡನು. ಆದ್ದರಿಂದ ಒಲ್ಲದ ಮನಸ್ಸನ್ನು ಮುಚ್ಚಿಡದೆ ಪ್ರಾರ್ಥನೆಯಲ್ಲಿ ಹೇಳಿಕೊಂಡು, ಬರೆದಿಟ್ಟ ದಿನ ಕೆಲಸವನ್ನು ಮಾಡಿ ಮುಗಿಸಿರಿ.

ಮುರಿದ ಸಂಬಂಧಗಳ ವಿಷಯದಲ್ಲೂ ಇದೇ ಕ್ರಮ. ಅಣ್ಣತಮ್ಮಂದಿರ ನಡುವೆ ಬದುವಿನ ಜಗಳದಿಂದ ಮಾತು ನಿಂತಿದ್ದರೆ, ಮತ್ತಾಯ 5:23-24 ಹೇಳುವಂತೆ ಮೊದಲು ಆ ಮನೆಯ ಹೊಸ್ತಿಲು ತುಳಿದು, ನಂತರ ಆರಾಧನೆಗೆ ಬನ್ನಿರಿ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಲೇಬೇಕು. ತೊರೆಯಬೇಕಾದದ್ದು ನಿಮ್ಮ ಸುಖವನ್ನು, ಮನೆಯವರ ಅನ್ನವನ್ನಲ್ಲ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪೆಂದು ಹೇಳಿ ತಡೆಹಿಡಿದವರನ್ನು ಯೇಸು ಗದರಿಸಿದ್ದು ಮಾರ್ಕ 7ನೆಯ ಅಧ್ಯಾಯದಲ್ಲಿದೆ. ಹಾಗಾಗಿ ಮನೆಮಂದಿಗೂ ಭಾರವಾಗುವ ನಿರ್ಧಾರವಾದರೆ ಮೊದಲು ಅವರೊಡನೆ ಕುಳಿತು ಮಾತಾಡಿರಿ, ಬಳಿಕ ಸಭಾಪಾಲಕರ ಮುಂದಿಡಿರಿ. ಕೂಲಿ ಕೊಡುವಂಥ, ಕ್ಷಮೆ ಕೇಳುವಂಥ ಸ್ಪಷ್ಟವಾದ ಆಜ್ಞೆಗಳಿಗೆ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.