ಸಿಗಡಿ ತಲೆ ಬಿಸಾಡಬೇಡಿ, ಚಟ್ನಿಪುಡಿ ಮಾಡಿ

ಒಂದು ಕೆಜಿ ಸಿಗಡಿ ಸುಲಿದರೆ ತಲೆ, ಸಿಪ್ಪೆಯೇ 400 ಗ್ರಾಂ ದಾಟುತ್ತದೆ. ದುಡ್ಡು ಕೊಟ್ಟು ತಂದದ್ದನ್ನು ಸುಮ್ನೆ ಬೆಕ್ಕಿಗೆ ಹಾಕುವುದು ಯಾಕೆ, ಅಲ್ವಾ? ರುಚಿ ಇರುವುದೇ ತಲೆಯಲ್ಲಿ.

ಸಿಗಡಿ ತಂದ ದಿನವೇ ಮಾಡಬೇಕು, ಅದು ಮುಖ್ಯ. ತಲೆ ಬೇಗ ಕೆಡುತ್ತದೆ. ಕಪ್ಪಾಗಿದ್ದರೆ ಅಥವಾ ಕೆಟ್ಟ ವಾಸನೆ ಬಂದರೆ ಬೇಡವೇ ಬೇಡ. ಕಣ್ಣು, ಮೀಸೆ, ಚೂಪು ಮೂತಿ ಕತ್ತರಿಸಿ ತೆಗೆಯಿರಿ. ಚೆನ್ನಾಗಿ ತೊಳೆದು ನೀರು ಬಸಿಯಿರಿ. ದಪ್ಪ ತಳದ ಬಾಣಲೆಯಲ್ಲಿ, ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ಹುರಿಯಿರಿ. ಮೊದಲು ನೀರು ಬಿಡುತ್ತದೆ, ಗಾಬರಿ ಬೇಡ. ಆಮೇಲೆ ಕೆಂಪಾಗಿ, ಕೈಯಲ್ಲಿ ಮುರಿದರೆ ಪಟ್ ಅನ್ನಬೇಕು. ಅರ್ಧ ಗಂಟೆಯಾದರೂ ಬೇಕು, ನನ್ನ ಹಾಗೆ ಅವಸರ ಮಾಡಿದರೆ ಮಿಕ್ಸಿಯಲ್ಲಿ ಮುದ್ದೆಯಾಗುತ್ತದೆ.

ಆರಿದ ಮೇಲೆ ಪುಡಿ ಮಾಡಿ, ಜರಡಿ ಹಿಡಿಯಿರಿ. ಸಿಪ್ಪೆಯ ಚೂರು ಗಂಟಲಿಗೆ ಚುಚ್ಚುತ್ತದೆ, ಇದನ್ನು ಬಿಡಬೇಡಿ. ಹುರಿದ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಒಣಕೊಬ್ಬರಿ, ಚೂರು ಹುಣಸೆ, ಉಪ್ಪು ಸೇರಿಸಿ ಇನ್ನೊಮ್ಮೆ ತಿರುಗಿಸಿದರೆ ಆಯ್ತು. ಗಂಜಿಗೆ ಇದರಷ್ಟು ಒಳ್ಳೆ ಜೊತೆ ಇನ್ನೊಂದಿಲ್ಲ.

ಗಾಜಿನ ಬಾಟಲಿಯಲ್ಲಿ ತುಂಬಿ ಫ್ರಿಜ್‌ನಲ್ಲಿಡಿ. ಸಿಗಡಿ ಅಲರ್ಜಿ ಇರುವವರಿಗೆ ಮಾತ್ರ ಕೊಡಬೇಡಿ. ಜರಡಿಯಲ್ಲಿ ಉಳಿದದ್ದು ತೆಂಗಿನ ಬುಡಕ್ಕೆ.