ಹೂಟರ್‌ಗಳ ಮೂರು ಕೂಗು ತಾಳ ತಪ್ಪಿದಾಗ

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಒಂದು ನಾಲ್ಕು ಮಹಡಿ ಕಟ್ಟಡ. ಫೈರ್ ಅಲಾರಂ ಟೆಸ್ಟ್ ಮಾಡಿದರೆ ಹೂಟರ್‌ಗಳು ಬಾಯಿಗೆ ಬಂದಂತೆ ಕೂಗುತ್ತಿದ್ದವು. ವಾಚ್‌ಮನ್ ಕಾಕಾ ಕೇಳಿಯೇ ಬಿಟ್ಟರು: "ಸಾಹೇಬ್ರ, ಇದು ಬೆಂಕಿ ಸೈರನ್ನೋ, ಮದುವಿ ಬ್ಯಾಂಡೋ?"

ಬರಬೇಕಿದ್ದ ಸದ್ದು ಬೇರೆ. ಅರ್ಧ ಸೆಕೆಂಡ್ ಕೂಗು, ಅರ್ಧ ಸೆಕೆಂಡ್ ಮೌನ. ಹೀಗೆ ಮೂರು ಸಲ ಕೂಗಿ, ಮೂರನೆಯದರ ನಂತರ 1.5 ಸೆಕೆಂಡ್ ಬಿಡುವು. ಐಎಸ್‌ಒ 8201 ಅನ್ನುವ ಅಂತರರಾಷ್ಟ್ರೀಯ ಮಾನದಂಡದಲ್ಲಿ 'ಹೊರಗೆ ನಡೀರಿ' ಅನ್ನುವುದಕ್ಕೆ ಇರುವ ಸಂಕೇತ ಇದೇ.

ಮೊದಲು ವೈರಿಂಗ್ ಮೇಲೆ ಅನುಮಾನ. ತಂತಿ ಕಡಿದಿದ್ದರೆ ಗೊತ್ತಾಗಲಿ ಅಂತ ಹಾಕುವ ಲೈನ್ ಕೊನೆಯ ರೆಸಿಸ್ಟರ್, ಪ್ಲಸ್-ಮೈನಸ್ ಎಲ್ಲ ನೋಡಿದೆ. ಸುಮ್ನೆ ಅರ್ಧ ದಿನ ಹೋಯಿತು. ಅಲಾರಂ ನಡೆಸುವ ಪ್ಯಾನೆಲ್‌ನಲ್ಲಿ, ವೈರಿಂಗ್ ಕೆಟ್ಟರೆ ಹೊತ್ತುವ ಫಾಲ್ಟ್ ಲೈಟೇ ಹೊತ್ತಿರಲಿಲ್ಲ, ಆಗಲೇ ಹೊಳೆಯಬೇಕಿತ್ತು ಅಲ್ವಾ?

ಎರಡನೇ ಮಹಡಿಯ ಹೂಟರ್ ಬಿಚ್ಚಿದಾಗ ಗುಟ್ಟು ಸಿಕ್ಕಿತು. ಪ್ಯಾನೆಲ್‌ನ ಕೋಡಿಂಗ್ ಮಾಡ್ಯೂಲ್ ಆಗಲೇ ಕರೆಂಟನ್ನು ಆ ಲಯದಲ್ಲಿ ಕಡಿದು ಕಡಿದು ಕಳಿಸುತ್ತಿತ್ತು. ಹೂಟರ್ ಒಳಗಿನ ಪುಟ್ಟ ಸ್ವಿಚ್ಚನ್ನೂ ಯಾರೋ ಮೂರು ಕೂಗಿಗೇ ಇಟ್ಟಿದ್ದರು. ಕೋಡ್ ಮೇಲೆ ಕೋಡ್! ಎರಡರ ಲೆಕ್ಕ ಒಂದಕ್ಕೊಂದು ಕೂಡುತ್ತಿರಲಿಲ್ಲ.

ಎಲ್ಲ ಹೂಟರ್‌ಗಳನ್ನೂ ಬಿಡದೆ ಕೂಗುವ ಸೆಟ್ಟಿಂಗಿಗೆ ಹಾಕಿದೆ, ಲಯದ ಕೆಲಸ ಮಾಡ್ಯೂಲಿಗೆ ಬಿಟ್ಟೆ. ಮತ್ತೆ ಟೆಸ್ಟ್ ಮಾಡಿದಾಗ ನಾಲ್ಕೂ ಮಹಡಿ ಒಟ್ಟಿಗೆ ಕೂಗಿದವು. ಕಾಕಾ ಕಿವಿ ಮುಚ್ಚಿಕೊಂಡೇ ತಲೆ ಆಡಿಸಿದರು.